ಎರಡು ಪುಟ್ಟ ಮಕ್ಕಳು, ಸಂಜೆ ಪ್ರಾರ್ಥನೆ, ಒಣಗುತ್ತಿರುವ ಕುಂಡಗಳು: ನಮ್ಮ ಮನೆಯಲ್ಲಿ ನಾವು ಮಾಡಿದ್ದು

ಸಿಸ್ಟರ್, ನಿಮ್ಮ ಪ್ರಶ್ನೆಯನ್ನು ನಿನ್ನೆ ರಾತ್ರಿಯೇ ಓದಿದೆ. ಮಗ ತೊಡೆಯ ಮೇಲೆ ಮಲಗಿದ್ದ, ಬರೆಯಲು ಕೈ ಬಿಡುವಿರಲಿಲ್ಲ. ಇವತ್ತು ಕೂತು ನಿಧಾನವಾಗಿ ಬರೆಯುತ್ತಿದ್ದೇನೆ.

ಈಗ ಓದುತ್ತಿರುವ ಉಳಿದವರಿಗೆ ಪ್ರಶ್ನೆ ಏನೆಂದು ಎರಡು ಮಾತು. ಇವರಿಗೆ ನಾಲ್ಕು ವರ್ಷದ ಮಗಳು, ಒಂದೂವರೆ ವರ್ಷದ ಮಗ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ರಾತ್ರಿ ಊಟವಾದ ಮೇಲೆ ಕುಟುಂಬ ಪ್ರಾರ್ಥನೆಗೆ ಕೂತರೆ ಐದು ನಿಮಿಷದೊಳಗೆ ಮಗಳ ಅಳು, ಮಗನ ಓಟ. ಭಾನುವಾರ ಚರ್ಚಿಗೆ ಹೊರಡುವಷ್ಟರಲ್ಲಿ ಮನೆಯಲ್ಲಿ ಎಲ್ಲರಿಗೂ ಸಿಟ್ಟು. ಕುಂಡಗಳಿಗೆ ನೀರು ಹಾಕಲೂ ಪುರುಸೊತ್ತಿಲ್ಲ. "ತೋಟ ಬಿಟ್ಟುಬಿಡಲಾ? ಆ ಹೊತ್ತನ್ನಾದರೂ ದೇವರಿಗೆ ಕೊಡಬಹುದಲ್ವಾ?" ಅಂತ ಕೇಳಿದ್ದಾರೆ.

ದಯವಿಟ್ಟು ಬಿಡಬೇಡಿ. ನನ್ನ ಮಕ್ಕಳಿಗೆ ಈಗ ಆರು ಮತ್ತು ಮೂರು. ಎರಡು ವರ್ಷದ ಹಿಂದೆ ನಾವೂ ಇದೇ ಜಾಗದಲ್ಲಿದ್ದೆವು. ನಮ್ಮನ್ನು ಕಾಪಾಡಿದ್ದು ತೋಟವೇ. ಪ್ರಾರ್ಥನೆಯನ್ನು ಊಟದ ನಂತರದಿಂದ ಕಿತ್ತು ಸಂಜೆ ನೀರು ಹಾಕುವ ಹೊತ್ತಿಗೆ ತಂದೆವು. ಬೇರೆ ದೊಡ್ಡ ಬದಲಾವಣೆ ಏನೂ ಮಾಡಲಿಲ್ಲ.

ರಾತ್ರಿ ಎಂಟೂವರೆಗೆ ಎರಡು ವರ್ಷದ ಮಗು ಸುಸ್ತಾಗಿರುತ್ತದೆ. ಆಗ ಕೈ ಮುಗಿದು ಕಣ್ಣು ಮುಚ್ಚು ಅಂದರೆ ಅದು ಅಳದೆ ಇನ್ನೇನು ಮಾಡುತ್ತದೆ? ಮಗು ಹಟ ಮಾಡುತ್ತಿದೆ ಅಂತ ನಾವು ತಿಳಿದುಕೊಂಡಿದ್ದೆವು. ಅದಕ್ಕೆ ಬೇಕಾಗಿದ್ದದ್ದು ನಿದ್ದೆ. ಅದೇ ಮಗು ಸಂಜೆ ಆರಕ್ಕೆ, ಕೈಯಲ್ಲಿ ಒಂದು ಮಗ್ ನೀರು ಕೊಟ್ಟರೆ, ಹದಿನೈದು ನಿಮಿಷ ಒಂದೇ ಕಡೆ ಕೂತಿರುತ್ತದೆ. ಕೈಗೆ ಕೆಲಸ ಇದ್ದಾಗ ಕಿವಿ ತೆರೆದಿರುತ್ತದೆ. ದೇವರ ಮಾತನ್ನು ಮಕ್ಕಳಿಗೆ ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಹೇಳಿಕೊಡಿ ಅಂತಲೇ ಸತ್ಯವೇದದ (ಬೈಬಲಿನ) ಧರ್ಮೋಪದೇಶಕಾಂಡದ 6ನೇ ಅಧ್ಯಾಯದಲ್ಲಿ ಇರುವುದು. ದಿನದ ಕೆಲಸದ ನಡುವೆಯೇ ಹೇಳಿಕೊಡಲು ಅಲ್ಲಿ ಜಾಗ ಇದೆ.

ನಮ್ಮ ಸಂಜೆ ಹೀಗಿರುತ್ತದೆ. ಚಪ್ಪಲಿ ಹಾಕಿಕೊಂಡು ಕುಂಡಗಳ ಹತ್ತಿರ ಹೋಗುತ್ತೇವೆ. ಮೊದಲು ಒಂದು ಚಿಕ್ಕ ಹಾಡು, ಪ್ರತಿದಿನ ಅದೇ ಹಾಡು. ಹಾಡು ಶುರುವಾದರೆ ಏನು ಬರುತ್ತದೆ ಅಂತ ಚಿಕ್ಕವನಿಗೂ ಗೊತ್ತು. ನೀರು ಹಾಕುತ್ತಾ ಸತ್ಯವೇದದ ಒಂದು ಕಥೆಯನ್ನು ನನ್ನ ಮಾತಲ್ಲೇ ಹೇಳುತ್ತೇನೆ, ಮೂರು ನಾಲ್ಕು ನಿಮಿಷ ಸಾಕು. ಆಮೇಲೆ ಒಬ್ಬೊಬ್ಬರೂ ಒಂದು ಥ್ಯಾಂಕ್ಸ್, ಒಂದು ಬೇಡಿಕೆ. ಕೊನೆಗೆ ಯೇಸುಸ್ವಾಮಿ ಶಿಷ್ಯರಿಗೆ ಕಲಿಸಿದ ಕರ್ತನ ಪ್ರಾರ್ಥನೆ. ಅದನ್ನು ಒಂದೇ ಸಲ ಕಲಿಸಲು ಹೋಗಬೇಡಿ. ವಾರಕ್ಕೆ ಒಂದೊಂದೇ ಸಾಲು ಸೇರಿಸುತ್ತಾ ಬಂದೆವು. ಆಗ ನಾಲ್ಕು ವರ್ಷದವಳಾಗಿದ್ದ ನನ್ನ ಮಗಳು ಎರಡೂವರೆ ತಿಂಗಳಲ್ಲಿ ಪೂರ್ತಿ ಹೇಳಿದಳು. 23ನೇ ಕೀರ್ತನೆಯೂ ಹಾಗೆಯೇ. ಇರುವುದು ಆರೇ ವಚನ, ಹಸಿರು ಹುಲ್ಲು, ನೀರು, ಕುರುಬ ಎಲ್ಲವೂ ಮಕ್ಕಳ ಕಣ್ಣಿಗೆ ಕಟ್ಟುವಂಥದ್ದು.

ಹತ್ತು ಹದಿನೈದು ನಿಮಿಷಕ್ಕಿಂತ ಎಳೆಯಬೇಡಿ. ಮಕ್ಕಳು ಇನ್ನೂ ಬೇಕು ಅಂದರೂ ನಾಳೆ ಅಂತ ಹೇಳಿ ನಿಲ್ಲಿಸಿ. ಮಲಗುವಾಗ ಹಣೆ ಮುಟ್ಟಿ ಒಂದೇ ಒಂದು ವಾಕ್ಯದ ಪ್ರಾರ್ಥನೆ ಸಾಕು.

ಈಗ ಬಿತ್ತನೆ ವಿಷಯ. ಶುರು ಮಾಡಲು ಸಾಸಿವೆಗಿಂತ ಒಳ್ಳೆಯದು ಇಲ್ಲ. ಮಾರ್ಕ 4, ಮತ್ತಾಯ 13, ಲೂಕ 13, ಮೂರು ಕಡೆ ಸಾಸಿವೆ ಕಾಳಿನ ಸಾಮ್ಯ ಇದೆ, ಪುಟ್ಟ ಕಾಳು ಮರದಷ್ಟು ಬೆಳೆಯುವ ಹೋಲಿಕೆಯ ಕಥೆ. ಒಂದು ಗೇಣು ಆಳದ ಕುಂಡ, ತಳದಲ್ಲಿ ತೂತು ಇರಲಿ. ಎರಡು ಪಾಲು ಮಣ್ಣು, ಒಂದು ಪಾಲು ಚೆನ್ನಾಗಿ ಕೊಳೆತ ಕಾಂಪೋಸ್ಟ್, ಒಂದು ಹಿಡಿ ಮರಳು. ಮಕ್ಕಳ ಬೆರಳನ್ನು ನೀರಲ್ಲಿ ಅದ್ದಿಸಿ ಕಾಳಿನ ಬಟ್ಟಲಿಗೆ ಮುಟ್ಟಿಸಿ, ಒಂದೊಂದೇ ಕಾಳು ಬೆರಳ ತುದಿಗೆ ಅಂಟಿ ಬರುತ್ತದೆ. ನನ್ನ ಮಗಳು ಆ ಬೆರಳನ್ನು ಕಣ್ಣಿನ ಹತ್ತಿರ ತಂದು ತುಂಬಾ ಹೊತ್ತು ನೋಡಿದಳು. "ಅಮ್ಮ, ಇದರೊಳಗೆ ಎಲೆ ಎಲ್ಲಿದೆ?" ಅಂತ ಕೇಳಿದಳು. ಆ ದಿನ ಬೇರೆ ಕಥೆ ಹೇಳಲಿಲ್ಲ, ಅದೊಂದು ಪ್ರಶ್ನೆಯ ಮೇಲೆಯೇ ಸಂಜೆ ಕಳೆಯಿತು.

ಕಾಳನ್ನು ಅರ್ಧ ಸೆಂಟಿಮೀಟರ್ ಆಳಕ್ಕೆ ಹಾಕಿ, ಮೇಲೆ ತೆಳುವಾಗಿ ಮಣ್ಣು ಉದುರಿಸಿ. ಮಗ್‌ನಿಂದ ಸುರಿದರೆ ಕಾಳೆಲ್ಲ ಕೊಚ್ಚಿಕೊಂಡು ಒಂದು ಮೂಲೆಗೆ ಹೋಗುತ್ತದೆ. ನಮ್ಮ ಮೊದಲ ಕುಂಡದಲ್ಲಿ ಗಿಡಗಳೆಲ್ಲ ಒಂದೇ ಬದಿಯಲ್ಲಿ ಗುಂಪಾಗಿ ಬಂದಿದ್ದವು. ನೀರಿನ ಬಾಟಲಿಯ ಮುಚ್ಚಳಕ್ಕೆ ಸಣ್ಣ ತೂತುಗಳನ್ನು ಮಾಡಿಕೊಡಿ, ಪುಟ್ಟ ಕೈಗೂ ಸರಿಯಾಗುತ್ತದೆ. ಹವೆ ಬೆಚ್ಚಗಿದ್ದರೆ ಮೂರರಿಂದ ಐದು ದಿನದಲ್ಲಿ ಮೊಳಕೆ ಕಾಣುತ್ತದೆ. ಮೊದಲ ಎರಡು ಎಲೆ ಹೃದಯದ ಆಕಾರದಲ್ಲಿರುತ್ತವೆ, ಅದನ್ನು ಮಕ್ಕಳಿಗೆ ತೋರಿಸಲು ಮರೆಯಬೇಡಿ. ಸುಮಾರು ಒಂದು ತಿಂಗಳಿಗೆ ಸೊಪ್ಪು ಕೊಯ್ಯಬಹುದು. ಎಲ್ಲ ಕೊಯ್ಯದೆ ನಾಲ್ಕೈದು ಗಿಡ ಬಿಡಿ. ಹೂ ಬಂದಾಗ ಎಸಳು ಎಣಿಸಲು ಹೇಳಿ. ನಾಲ್ಕೇ ಎಸಳು, ಶಿಲುಬೆಯ ಹಾಗೆ ಎದುರುಬದುರು. ಈ ಗಿಡಗಳ ಕುಟುಂಬಕ್ಕೆ ಸಸ್ಯಶಾಸ್ತ್ರದಲ್ಲಿ ಹಿಂದೆ ಇದ್ದ ಹೆಸರು ಕ್ರೂಸಿಫೆರೆ, ಅಂದರೆ ಶಿಲುಬೆ ಹೊತ್ತದ್ದು. ಎಸಳಿನ ಆಕಾರ ನೋಡಿ ಇಟ್ಟ ಹೆಸರು.

ಕುಂಡದಲ್ಲಿ ಸಾಸಿವೆ ಮರದಷ್ಟು ಆಗುವುದಿಲ್ಲ, ಮಕ್ಕಳು ಅದನ್ನು ಕೇಳಿಯೇ ಕೇಳುತ್ತಾರೆ. ಸುಳ್ಳು ಹೇಳಬೇಡಿ. ಕಪ್ಪು ಸಾಸಿವೆ ಒಳ್ಳೆಯ ನೆಲದಲ್ಲಿ ಎರಡು ಮೀಟರ್ ದಾಟಿ ಬೆಳೆಯುತ್ತದೆ, ಕುಂಡದಲ್ಲಿ ಬೇರಿಗೆ ಜಾಗ ಸಾಲದು ಅಂತ ಇದ್ದ ಹಾಗೆಯೇ ಹೇಳಿ. ಮಕ್ಕಳಿಗೆ ಅರ್ಥವಾಗುತ್ತದೆ.

ಆಮೇಲೆ ಬಿತ್ತುವವನ ಸಾಮ್ಯ, ಕಾಳು ದಾರಿಯಲ್ಲಿ, ಕಲ್ಲಿನ ನೆಲದಲ್ಲಿ, ಮುಳ್ಳಿನ ನಡುವೆ, ಒಳ್ಳೆಯ ಮಣ್ಣಲ್ಲಿ ಬೀಳುವ ಕಥೆ. ನಾಲ್ಕು ಚಿಕ್ಕ ಕುಂಡ ಸಾಲಾಗಿ ಇಡಿ. ಒಂದರಲ್ಲಿ ಮಣ್ಣನ್ನು ದಾರಿಯ ಹಾಗೆ ಗಟ್ಟಿಯಾಗಿ ಒತ್ತಿ, ಕಾಳನ್ನು ಮೇಲೆಯೇ ಉದುರಿಸಿ. ಎರಡನೆಯದರಲ್ಲಿ ಕಲ್ಲು ತುಂಬಿ ಮೇಲೆ ಬೆರಳಷ್ಟು ಮಣ್ಣು. ಮೂರನೆಯದರಲ್ಲಿ ಮೊದಲೇ ಕಳೆ ಬೆಳೆದಿರಲಿ. ನಾಲ್ಕನೆಯದರಲ್ಲಿ ಒಳ್ಳೆಯ ಮಣ್ಣು. ನಾಲ್ಕಕ್ಕೂ ಒಂದೇ ಅಳತೆ ನೀರು, ಒಂದೇ ಬಿಸಿಲು. ನಮ್ಮಲ್ಲಿ ಕಲ್ಲಿನ ಕುಂಡದಲ್ಲಿ ಮೊಳಕೆ ಎಲ್ಲಕ್ಕಿಂತ ಮೊದಲೇ ಬಂತು, ಮಗಳು ಚಪ್ಪಾಳೆ ತಟ್ಟಿದಳು. ಹತ್ತನೇ ದಿನ ಬಿಸಿಲು ಜೋರಾಯಿತು, ಮಧ್ಯಾಹ್ನಕ್ಕೆ ಸಸಿಗಳೆಲ್ಲ ತಲೆ ಬಗ್ಗಿಸಿದ್ದವು. ಅವಳು ಕುಂಡದ ಪಕ್ಕ ಕುಕ್ಕರಗಾಲಲ್ಲಿ ಕೂತು, ಎಲೆಯನ್ನು ಒಂದು ಬೆರಳಿಂದ ಎತ್ತಿ ಹಿಡಿದಿದ್ದಳು. ಬಿಟ್ಟರೆ ಮತ್ತೆ ಬಗ್ಗುತ್ತಿತ್ತು. "ಪಾಪ ಅಮ್ಮ, ಇದರ ತಪ್ಪಲ್ಲ, ಕಲ್ಲು ತೆಗೆಯೋಣ" ಅಂದಳು. ಇಬ್ಬರೂ ಸೇರಿ ಕಲ್ಲು ಹೆಕ್ಕಿದೆವು, ಉಳಿದಿದ್ದ ಮೂರು ಸಸಿಯನ್ನು ಸಂಜೆ ತಂಪಿನಲ್ಲಿ ಒಳ್ಳೆಯ ಮಣ್ಣಿಗೆ ಇಟ್ಟೆವು. ಎರಡು ಬದುಕಿದವು. ಆ ಸಾಮ್ಯವನ್ನು ಚಿಕ್ಕಂದಿನಿಂದ ಕೇಳಿದ್ದೇನೆ, ಕಲ್ಲು ತೆಗೆಯಬಹುದು ಅಂತ ನನಗೆ ಯಾವತ್ತೂ ಹೊಳೆದಿರಲಿಲ್ಲ. ಆ ರಾತ್ರಿ ನಾನು ಒಬ್ಬಳೇ ತುಂಬಾ ಹೊತ್ತು ಪ್ರಾರ್ಥಿಸಿದೆ.

ಈಸ್ಟರ್‌ಗೆ ಗೋಧಿ ಹಾಕಿ. ಯೋಹಾನ 12ರಲ್ಲಿ ನೆಲಕ್ಕೆ ಬಿದ್ದು ಸತ್ತು ಬಹಳ ಫಲ ಕೊಡುವ ಗೋಧಿಕಾಳಿನ ಮಾತಿದೆ. ಈಸ್ಟರ್‌ಗೆ ಒಂದು ವಾರ ಮುಂಚೆ ಬರುವ ಗರಿಗಳ ಭಾನುವಾರಕ್ಕೆ ಎರಡು ದಿನ ಮುಂಚೆ, ಶುಕ್ರವಾರ ಬಿತ್ತಿದರೆ ಈಸ್ಟರ್‌ಗೆ ಒಂಬತ್ತು ದಿನ ಸಿಗುತ್ತದೆ. ರಾತ್ರಿ ನೆನೆಸಿದ ಕಾಳನ್ನು ತಟ್ಟೆಯಲ್ಲಿ ಒದ್ದೆ ಮಣ್ಣಿನ ಮೇಲೆ ಒತ್ತಾಗಿ ಹರಡಿ. ಹಬ್ಬದ ಬೆಳಿಗ್ಗೆ ಬೆರಳುದ್ದ ಹಸಿರು ನಿಂತಿರುತ್ತದೆ. ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಯಾವ ಭಾನುವಾರವಾದರೂ ಬರಬಹುದು, ಕೆಲವು ಪುರಾತನ ಸಭೆಗಳಲ್ಲಿ ಬೇರೆ ಲೆಕ್ಕವೂ ಇದೆ. ನಿಮ್ಮ ಸಭೆಯ ಕ್ಯಾಲೆಂಡರ್ ನೋಡಿ ದಿನ ಗುರುತು ಹಾಕಿಕೊಳ್ಳಿ. ಜೊತೆಗೆ ಒಂದು ಗಾಜಿನ ಲೋಟದಲ್ಲಿ ಒದ್ದೆ ಹತ್ತಿ ಇಟ್ಟು, ಗಾಜಿಗೆ ತಾಗಿ ಎರಡು ಹುರುಳಿಕಾಯಿ ಬೀಜ ಸಿಕ್ಕಿಸಿ. ಇಲ್ಲದಿದ್ದರೆ ಚಿಕ್ಕವರು ಮಣ್ಣು ಕೆದಕಿ ನೋಡುತ್ತಲೇ ಇರುತ್ತಾರೆ. ಬೇರು ಮೊದಲು ಕೆಳಗೆ ಇಳಿಯುವುದು, ಆಮೇಲೆ ಚಿಗುರು ಮೇಲೇಳುವುದು ಗಾಜಿನಲ್ಲಿ ಕಾಣುತ್ತದೆ.

ಕ್ರಿಸ್ಮಸ್‌ಗೆ ಮುಂಚಿನ ಅಡ್ವೆಂಟ್ ಕಾಲಕ್ಕೆ ಹಸಿರೆಲೆಯ ದುಂಡು ಹಾರ, ಅದರ ಮೇಲೆ ಭಾನುವಾರಕ್ಕೊಂದರಂತೆ ನಾಲ್ಕು ಮೇಣದಬತ್ತಿ. ಮೊದಲ ಅಡ್ವೆಂಟ್ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುತ್ತದೆ. ಈ ಪದ್ಧತಿ ಹುಟ್ಟಿದ್ದೇ ಮಕ್ಕಳಿಗಾಗಿ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬಡಮಕ್ಕಳ ಆಶ್ರಯಮನೆ ನಡೆಸುತ್ತಿದ್ದ ಯೋಹಾನ್ ವಿಚೆರ್ನ್, ಹಬ್ಬಕ್ಕೆ ಎಷ್ಟು ದಿನ ಅಂತ ಮಕ್ಕಳು ಕೇಳುತ್ತಲೇ ಇದ್ದಾರೆ ಅಂತ ಗಾಡಿಯ ಚಕ್ರವೊಂದರ ಮೇಲೆ ಬತ್ತಿಗಳನ್ನು ನಿಲ್ಲಿಸಿದರು. ಭಾನುವಾರಕ್ಕೆ ದೊಡ್ಡದು, ಉಳಿದ ದಿನಕ್ಕೆ ಚಿಕ್ಕದು. ಆದರೆ ನಿಮ್ಮ ಮಗನಿಗೆ ಒಂದೂವರೆ ವರ್ಷ. ಈ ವರ್ಷ ಬ್ಯಾಟರಿ ಬತ್ತಿಯೇ ಇರಲಿ. ಒಣ ಎಲೆ ಬೇಗ ಹೊತ್ತಿಕೊಳ್ಳುತ್ತದೆ. ನಿಜವಾದ ಬತ್ತಿ ಇಡುವುದಾದರೆ ಮರಳು ತುಂಬಿದ ತಟ್ಟೆಯಲ್ಲಿ, ಮಗುವಿನ ಕೈಗೆ ಎಟುಕದ ಕಡೆ, ದೊಡ್ಡವರೊಬ್ಬರು ಅಲ್ಲೇ ಇರುವಾಗ ಮಾತ್ರ.

ಅಪಾಯದ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಈ ವಯಸ್ಸಿನ ಮಗು ಇರುವ ತೋಟದಲ್ಲಿ ಬಕೆಟ್‌ನಲ್ಲಿ ನೀರು ತುಂಬಿಸಿಟ್ಟು ಒಂದು ನಿಮಿಷವೂ ಒಳಗೆ ಹೋಗಬೇಡಿ. ತಲೆ ಕೆಳಗಾಗಿ ಬಿದ್ದರೆ ಕೆಲವೇ ಬೆರಳಷ್ಟು ನೀರೂ ಸಾಕು, ಮಗು ಶಬ್ದವನ್ನೂ ಮಾಡುವುದಿಲ್ಲ. ಕೆಲಸ ಮುಗಿದ ತಕ್ಷಣ ಬೋರಲು ಹಾಕಿ. ಕಣಗಿಲೆ ಗಿಡ ಇದ್ದರೆ ತೆಗೆದುಬಿಡಿ, ಅದರ ಎಲ್ಲ ಭಾಗವೂ ವಿಷ. ಅಲಂಕಾರಕ್ಕೆ ಇಡುವ ಡೈಫನ್‌ಬಾಕಿಯಾ ಗಿಡ ಕೂಡ ಬೇಡ, ಎಲೆ ಕಚ್ಚಿದರೆ ಬಾಯಿ ಊದಿಕೊಳ್ಳುತ್ತದೆ. ಹಸಿ ಗೊಬ್ಬರ ಮಕ್ಕಳ ಕೈಗೆ ಬೇಡ. ಒಳಗೆ ಬಂದ ಮೇಲೆ ಸೋಪು ಹಾಕಿ ಕೈ ತೊಳೆಸಿ.

ಭಾನುವಾರ. ನಮ್ಮ ಜಗಳವೆಲ್ಲ ಶೂ ಮತ್ತು ಸಾಕ್ಸ್‌ನಿಂದ ಶುರುವಾಗುತ್ತಿತ್ತು. ಈಗ ಶನಿವಾರ ಸಂಜೆ ಬಟ್ಟೆ, ಶೂ, ಡೈಪರ್ ಚೀಲ, ಕಾಣಿಕೆ ಎಲ್ಲ ಬಾಗಿಲ ಪಕ್ಕ ಇರುತ್ತದೆ. ಕುಂಡಗಳಿಗೂ ಶನಿವಾರವೇ ತಳದಿಂದ ನೀರು ಇಳಿಯುವಷ್ಟು ಹಾಕುತ್ತೇವೆ, ಭಾನುವಾರ ತೋಟಕ್ಕೂ ರಜೆ. ಬಿಸಿಲು ಜಾಸ್ತಿ ಇದ್ದರೆ ದಪ್ಪ ಹತ್ತಿ ದಾರದ ಒಂದು ತುದಿ ನೀರಿನ ಬಾಟಲಿಯಲ್ಲಿ, ಇನ್ನೊಂದು ತುದಿ ಕುಂಡದ ಮಣ್ಣಿನಲ್ಲಿ ಹೂತಿಡಿ, ನಿಧಾನಕ್ಕೆ ನೀರು ಎಳೆದುಕೊಳ್ಳುತ್ತದೆ. ಆರಾಧನೆಯಲ್ಲಿ ಹಿಂದೆ ಕೂರಬೇಡಿ, ಮುಂದೆ ಕೂರಿ. ಹಿಂದೆ ಕೂತ ಮಗುವಿಗೆ ಕಾಣುವುದು ದೊಡ್ಡವರ ಬೆನ್ನು ಮಾತ್ರ. ಅತ್ತರೆ ಒಬ್ಬರು ಎತ್ತಿಕೊಂಡು ಹೊರಗೆ ಹೋಗಿ, ಸಮಾಧಾನ ಮಾಡಿ ಮತ್ತೆ ಒಳಗೆ ಬನ್ನಿ. ಮುಂದಿನ ವಾರ ಇನ್ನೊಬ್ಬರ ಸರದಿ. ಯಾರಾದರೂ ತಿರುಗಿ ನೋಡಿದರೆ ನೋಡಲಿ. ಮಕ್ಕಳನ್ನು ತಡೆಯಲು ಹೋದ ಶಿಷ್ಯರ ಮೇಲೆ ಯೇಸುಸ್ವಾಮಿ ಬೇಸರಪಟ್ಟರೇ ಹೊರತು ಮಕ್ಕಳ ಮೇಲೆ ಅಲ್ಲ.

ನಿಮ್ಮ ಪ್ರಶ್ನೆಯ ಕೊನೆಯಲ್ಲಿ, "ನನ್ನ ಸ್ವಂತ ಪ್ರಾರ್ಥನೆ ಪೂರ್ತಿ ನಿಂತೇ ಹೋಗಿದೆ" ಅಂತ ಒಂದು ಸಾಲು ಬರೆದಿದ್ದೀರಿ. ನನಗೆ ಎಲ್ಲಕ್ಕಿಂತ ಅದೇ ಮನಸ್ಸಿಗೆ ನಾಟಿತು. ಇಂಗ್ಲೆಂಡಿನಲ್ಲಿ ಮೆಥಡಿಸ್ಟ್ ಸಭೆಗೆ ಅಡಿಪಾಯ ಹಾಕಿದ ಜಾನ್ ವೆಸ್ಲಿ, ಚಾರ್ಲ್ಸ್ ವೆಸ್ಲಿಯವರ ತಾಯಿ ಸುಸಾನಾ ವೆಸ್ಲಿಗೆ ಹುಟ್ಟಿದ್ದು 19 ಮಕ್ಕಳು, ಅದರಲ್ಲಿ ಅರ್ಧದಷ್ಟು ಎಳೆಯ ವಯಸ್ಸಲ್ಲೇ ತೀರಿಹೋದವು. 1712ರಲ್ಲಿ ಗಂಡನಿಗೆ ಬರೆದ ಪತ್ರದಲ್ಲಿ, ವಾರದ ಒಂದೊಂದು ಸಂಜೆ ಒಬ್ಬೊಬ್ಬ ಮಗುವಿನ ಜೊತೆ ಬೇರೆಯಾಗಿ ಮಾತಾಡುತ್ತೇನೆ ಅಂತ ಹೇಳಿದ್ದಾರೆ. ಜಾನ್‌ಗೆ ಗುರುವಾರ, ಚಾರ್ಲ್ಸ್‌ಗೆ ಶನಿವಾರ. ದೊಡ್ಡವನಾದ ಮೇಲೂ ಜಾನ್ ಆ ಗುರುವಾರದ ಹೊತ್ತನ್ನು ಮರೆತಿರಲಿಲ್ಲ. ನಾವೂ ಹಾಗೆಯೇ ಮಂಗಳವಾರ ಮಗಳಿಗೆ, ಗುರುವಾರ ಮಗನಿಗೆ ಹತ್ತು ನಿಮಿಷ ಇಟ್ಟುಕೊಂಡಿದ್ದೇವೆ. ಆ ಎರಡು ದಿನ ಇನ್ನೊಂದು ಮಗುವನ್ನು ನಮ್ಮ ಮನೆಯವರು ನೋಡಿಕೊಳ್ಳುತ್ತಾರೆ. ಶುಕ್ರವಾರ ಬೆಳಿಗ್ಗೆ ಅವರು ಇಬ್ಬರನ್ನೂ ನೋಡಿಕೊಳ್ಳುತ್ತಾರೆ, ನಾನು ಒಂದು ಚಿಕ್ಕ ಸ್ಟೂಲ್ ಹಾಕಿಕೊಂಡು ಕುಂಡಗಳ ಮಧ್ಯೆ ಕೂರುತ್ತೇನೆ. ಕೆಲವು ದಿನ ಒಂದು ಮಾತೂ ಬರುವುದಿಲ್ಲ, ಸುಮ್ನೆ ಕಳೆ ಕೀಳುತ್ತೇನೆ. ಅದನ್ನೂ ದೇವರ ಮುಂದೆ ಕೂತದ್ದು ಅಂತಲೇ ನಾನು ನಂಬುತ್ತೇನೆ. ನಿಮ್ಮ ಯಜಮಾನರ ಹತ್ತಿರ ಇವತ್ತೇ ಮಾತಾಡಿ, ವಾರಕ್ಕೆ ಅರ್ಧ ಗಂಟೆ ನಿಮಗೆ ಅಂತ ಬಿಡಿಸಿಕೊಳ್ಳಿ. ಅವರಿಗೂ ಅರ್ಧ ಗಂಟೆ ಬಿಟ್ಟುಕೊಡಿ.

ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ. ಈ ವಾರ ಒಣಗಿದ ಕುಂಡಗಳಲ್ಲಿ ಒಂದನ್ನು ಮಾತ್ರ ಎತ್ತಿಕೊಳ್ಳಿ. ಹಳೆ ಬೇರು ತೆಗೆದು, ಮಣ್ಣು ಸಡಿಲಿಸಿ, ಕಾಂಪೋಸ್ಟ್ ಸೇರಿಸಿ, ಸಾಸಿವೆ ಹಾಕಿ. ಕಾಳು ನೆನೆಸುವುದು ಬೇಡ, ಒಣ ಕಾಳೇ ಸಾಕು. ಕುಂಡ ಇಡುವ ಜಾಗದಲ್ಲಿ ದಿನಕ್ಕೆ ಎಷ್ಟು ಗಂಟೆ ಬಿಸಿಲು ಬೀಳುತ್ತದೆ ಅಂತ ಇಲ್ಲೇ ಕೆಳಗೆ ಬರೆಯಿರಿ. ನಾಲ್ಕು ಗಂಟೆಗಿಂತ ಕಡಿಮೆ ಇದ್ದರೆ ಬೇರೆ ಏನು ಬಿತ್ತಬಹುದು ಅಂತ ಹೇಳುತ್ತೇನೆ. ಮೊಳಕೆ ಬಂದ ದಿನ ಮಗಳ ಕೈಯಲ್ಲೇ ಫೋಟೋ ತೆಗೆಸಿ ಹಾಕಿ.