ಮೊದಲು ಬ್ರೇಕ್, ಆಮೇಲೆ ಬಣ್ಣ

ಗ್ಯಾರೇಜ್ ಪ್ರಶ್ನೋತ್ತರ. ಈ ಸಲ ಬಂದ ಪತ್ರಗಳೆಲ್ಲ ಹಳೆ ಪಿಕಪ್ ಬಗ್ಗೆಯೇ.

ಪ್ರಶ್ನೆ: ಅಜ್ಜ 1968ರಲ್ಲಿ ತಗೊಂಡ ಮಹೀಂದ್ರ ಎಫ್‌ಸಿ-150 ಪಿಕಪ್ ನಮ್ಮ ತೋಟದ ಶೆಡ್‌ನಲ್ಲಿ ಹದಿನಾಲ್ಕು ವರ್ಷದಿಂದ ನಿಂತಿದೆ. ಪೆಟ್ರೋಲ್ ಎಂಜಿನ್. ಬೇರೆ ಬ್ಯಾಟರಿ ತಂದು ಸೆಲ್ಫ್ ಹೊಡೆದರೆ ಟಕ್ ಅಂತ ಸದ್ದು ಬಂದು ನಿಲ್ಲುತ್ತೆ, ಅಷ್ಟೇ. ಗ್ಯಾರೇಜಿನವರು ಡಿಐ ಡೀಸೆಲ್ ಎಂಜಿನ್ ಕೂರಿಸಿ, ಪವರ್ ಸ್ಟೀರಿಂಗ್ ಹಾಕಿ, ಎಲ್ಲಾ ಹೊಸದು ಮಾಡಿಕೊಡ್ತೀವಿ ಅಂತಾರೆ. ಅಪ್ಪ ಮಾತ್ರ ಹೇಗಿತ್ತೋ ಹಾಗೇ ಇರಲಿ ಅಂತಾರೆ. ಯಾರ ಮಾತು ಕೇಳಲಿ?
(ಮೂಡಿಗೆರೆ ಕಡೆಯ ಓದುಗರು)

ಉತ್ತರ: ಅಪ್ಪನ ಮಾತು ಕೇಳಿ. ಪೂರ್ತಿ ಅಲ್ಲ, ಮುಕ್ಕಾಲು ಪಾಲು.

ನಿಮ್ಮ ಹತ್ತಿರ ಇರೋದು ಮೂತಿ ಇಲ್ಲದ ಜೀಪು. ಅಮೆರಿಕದ ವಿಲ್ಲೀಸ್ ಕಂಪನಿ 1956ರ ಕೊನೆಗೆ ತಂದ ಮಾಡೆಲ್ ಅದು, ರೂಪ ಕೊಟ್ಟವರು ಬ್ರೂಕ್ಸ್ ಸ್ಟೀವನ್ಸ್. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಬರೀ 81 ಇಂಚು, ಹೆಚ್ಚುಕಮ್ಮಿ ಸಾಮಾನ್ಯ ಜೀಪಿನ ಅಳತೆಯೇ. ಆದರೆ ಕ್ಯಾಬಿನ್ ಎಂಜಿನ್ ಮೇಲೇ ಕೂತಿರೋದರಿಂದ ಹಿಂದೆ ಸಾಮಾನು ತುಂಬೋಕೆ ಅಷ್ಟು ಜಾಗ ಉಳಿಯಿತು. ಅಮೆರಿಕದಲ್ಲಿ 1965ರ ಹೊತ್ತಿಗೆ ಇದು ನಿಂತೇ ಹೋಯಿತು, ನಮ್ಮಲ್ಲಿ ಮಹೀಂದ್ರ ಆಮೇಲೂ ಮಾಡುತ್ತಿತ್ತು. ಇಂಥದ್ದರ ಹೊಟ್ಟೆ ಬಗೆದು ಬೇರೆ ಎಂಜಿನ್ ತುಂಬೋಕೆ ನನಗಂತೂ ಮನಸ್ಸು ಬರಲ್ಲ.

ಎಂಜಿನ್ ಸತ್ತಿದೆ ಅಂತ ಈಗಲೇ ತೀರ್ಮಾನ ಮಾಡಬೇಡಿ. ಅದು ಹರಿಕೇನ್, ನಾಲ್ಕು ಸಿಲಿಂಡರ್, 2.2 ಲೀಟರ್, ಇನ್‌ಲೆಟ್ ವಾಲ್ವ್ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿ. ಗಟ್ಟಿ ಎಂಜಿನ್. ಮಳೆಗಾಲದ ತೇವಕ್ಕೆ ಪಿಸ್ಟನ್ ರಿಂಗುಗಳು ಸಿಲಿಂಡರ್ ಗೋಡೆಗೆ ಕಚ್ಚಿಕೊಂಡಿರಬಹುದು, ಅಷ್ಟೇ ಆಗಿರಲಿಕ್ಕೂ ಸಾಕು. ಸೆಲ್ಫ್ ಮತ್ತೆ ಹೊಡೆಯಬೇಡಿ. ಸೀಟುಗಳ ನಡುವೆ ಎಂಜಿನ್ ಮುಚ್ಚಿರೋ ಡಬ್ಬ ತೆಗೆದು, ನಾಲ್ಕೂ ಪ್ಲಗ್ ಬಿಚ್ಚಿ, ಪ್ರತಿ ತೂತಿಗೂ ಡೀಸೆಲ್ಲು ಮತ್ತು ಎಂಜಿನ್ ಆಯಿಲ್ ಸಮ ಸಮ ಬೆರೆಸಿ ಸ್ವಲ್ಪ ಸ್ವಲ್ಪ ಬಿಡಿ. ಒಂದು ವಾರ ಹಾಗೇ ಬಿಟ್ಟು, ನಡುನಡುವೆ ಮತ್ತೆ ಸ್ವಲ್ಪ ಬಿಡುತ್ತಾ ಇರಿ. ಆಮೇಲೆ ಗಾಡಿ ನ್ಯೂಟ್ರಲ್‌ನಲ್ಲಿಟ್ಟು, ಕ್ರ್ಯಾಂಕ್ ಪುಲ್ಲಿಯ ನಟ್‌ಗೆ ಉದ್ದದ ಪಾನಾ ಹಾಕಿ, ಒಂದು ಕೂದಲೆಳೆ ಮುಂದಕ್ಕೆ, ಒಂದು ಕೂದಲೆಳೆ ಹಿಂದಕ್ಕೆ ಅಂತ ಆಡಿಸಿ. ಜೋರು ಮಾಡಬಾರದು. ಬಿಟ್ಟುಕೊಟ್ಟಾಗ ಕೈಗೇ ಗೊತ್ತಾಗುತ್ತೆ. ತಿರುಗಿದ ಮೇಲೂ ಹಳೆ ಆಯಿಲ್ ಪೂರ್ತಿ ಇಳಿಸಿ ಹೊಸದು ಹಾಕದೆ ಸ್ಟಾರ್ಟ್ ಮಾಡಲೇಬೇಡಿ. ಕಂಪ್ರೆಷನ್ ನೋಡಿಸಿ. ನಾಲ್ಕೂ ಸಿಲಿಂಡರ್ ಹೆಚ್ಚುಕಮ್ಮಿ ಒಂದೇ ಅಳತೆ ತೋರಿಸಿ, ಅದು ತೀರಾ ಕಮ್ಮಿಯೂ ಇಲ್ಲದಿದ್ದರೆ ಸಿಲಿಂಡರ್ ಬೋರಿಂಗ್ ಖರ್ಚೇ ಉಳಿಯಿತು.

ಪೆಟ್ರೋಲ್ ವಿಷಯದಲ್ಲಿ ಮಾತ್ರ ಹೊಸ ಕಾಲಕ್ಕೆ ಬರಲೇಬೇಕು. ಈಗ ಬಂಕ್‌ನಲ್ಲಿ ಸಿಗೋದು ಶೇ 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಅಜ್ಜನ ಕಾಲದ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಾಮ್ ಇವೆಲ್ಲ ಅದಕ್ಕೆ ಮೆತ್ತಗಾಗಿ ಸೀಳುತ್ತವೆ. ನಿಮ್ಮ ಗಾಡಿಯಲ್ಲಿ ಎಂಜಿನ್ ಇರೋದು ನಿಮ್ಮ ಮೊಣಕಾಲ ಪಕ್ಕದಲ್ಲಿ, ಅಲ್ಲಿ ಪೆಟ್ರೋಲ್ ಸೋರಿದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗೆ ಎಲ್ಲಾ ರಬ್ಬರ್ ಬದಲಿಸಿ, ಎಥೆನಾಲ್ ತಡೆಯೋ ಪೈಪೇ ಕೇಳಿ ತಗೊಳ್ಳಿ. ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತೆ. ಮಳೆಗಾಲ ಪೂರ್ತಿ ನಿಲ್ಲಿಸೋದಿದ್ದರೆ ಟ್ಯಾಂಕ್ ಖಾಲಿ ಮಾಡಿ, ಇಲ್ಲದಿದ್ದರೆ ಒಳಗಿಂದಲೇ ತುಕ್ಕು ಹಿಡಿಯುತ್ತೆ. ಇನ್ನೊಂದು, 2000ದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಎಕ್ಸಾಸ್ಟ್ ವಾಲ್ವ್ ಕೂರೋ ಸೀಟು ಸವೆಯದ ಹಾಗೆ ತಡೆಯುತ್ತಿದ್ದದ್ದು ಆ ಸೀಸವೇ. ಹೆಡ್ಡು ಬಿಚ್ಚುವ ಸಂದರ್ಭ ಬಂದರೆ ಎಕ್ಸಾಸ್ಟ್ ಸೀಟುಗಳನ್ನೂ ನೋಡಿಸಿ, ಸವೆದಿದ್ದರೆ ಲೇತ್‌ನವರ ಹತ್ತಿರ ಗಟ್ಟಿ ಸೀಟು ಹಾಕಿಸಿ.

ಇನ್ನು ಬ್ರೇಕು. ಕೈಲಿರೋ ದುಡ್ಡು ಮೊದಲು ಇಲ್ಲಿಗೆ ಹೋಗಲಿ. ಆ ಕಾಲದ ಜೀಪುಗಳಲ್ಲಿ ನಾಲ್ಕು ಚಕ್ರಕ್ಕೂ ಡ್ರಮ್ಮು, ನಾಲ್ಕಕ್ಕೂ ಸೇರಿ ಮಾಸ್ಟರ್ ಸಿಲಿಂಡರ್‌ನಲ್ಲಿ (ಪೆಡಲ್ ತುಳಿದಾಗ ಬ್ರೇಕ್ ಆಯಿಲ್ ಒತ್ತೋ ಭಾಗ) ಒಂದೇ ದಾರಿ. ಆ ಆಯಿಲ್ ಹೋಗೋ ಒಂದು ರಬ್ಬರ್ ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು ಅಂತಲೇ ಲೆಕ್ಕ. ನಮ್ಮ ಮನೆಯ ಹಳೆ ಜೀಪಿನಲ್ಲಿ ಚಾರ್ಮಾಡಿ ಘಾಟಿ ಇಳಿಯುವಾಗ ನನಗೆ ಇದೇ ಆಗಿತ್ತು. ಪೆಡಲ್ ಒಂದೇ ಸಲಕ್ಕೆ ಫ್ಲೋರ್ ಮುಟ್ಟಿತು, ಕಾಲಿಗೆ ಏನೂ ಸಿಗಲಿಲ್ಲ. ಸೆಕೆಂಡ್ ಗೇರ್‌ನಲ್ಲಿದ್ದೆ, ಎಡಕ್ಕೆ ಮಣ್ಣಿನ ದರೆ ಇತ್ತು, ಅದಕ್ಕೆ ಉಜ್ಜಿಕೊಂಡು ಹೋಗಿ ನಿಂತಿತು. ಪಕ್ಕದಲ್ಲಿ ಅಮ್ಮ ಕೂತಿದ್ದರು. ಆ ಹೋಸ್ ನೋಡೋಕೆ ಚೆನ್ನಾಗೇ ಇತ್ತು, ಹೊರಗೆ ಒಂದು ಬಿರುಕೂ ಇರಲಿಲ್ಲ. ಹಾಗಾಗಿ ನೋಡೋಕೆ ಸರಿ ಇದೆ ಅಂತ ಯಾವ ಹೋಸನ್ನೂ ಉಳಿಸಿಕೊಳ್ಳಬೇಡಿ. ಹೋಸ್, ಸ್ಟೀಲ್ ಪೈಪು, ವೀಲ್ ಸಿಲಿಂಡರ್ ಎಲ್ಲಾ ಹೊಸದಾಗಲಿ. ಮುಂದಕ್ಕೂ ಹಿಂದಕ್ಕೂ ಬೇರೆ ಬೇರೆ ದಾರಿ ಇರೋ ಟ್ಯಾಂಡೆಮ್ ಮಾಸ್ಟರ್ ಸಿಲಿಂಡರ್ ಹಾಕಿಸಿ. ಹೊರಗಿಂದ ಯಾರಿಗೂ ಕಾಣಲ್ಲ, ಗಾಡಿಯ ಅಂದವೂ ಕೆಡಲ್ಲ. ಮುಂದೆ ಡಿಸ್ಕ್ ಬೇಕೇ ಬೇಕು ಅನ್ನೋದಾದರೆ ಡ್ರಮ್ಮಿನ ಮಾಸ್ಟರ್ ಸಿಲಿಂಡರ್‌ಗೆ ಅದನ್ನು ಜೋಡಿಸಲು ಬಿಡಬೇಡಿ. ಡ್ರಮ್ಮಿಗೆಂದು ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸೋ ವಾಲ್ವ್ ಅದರೊಳಗಿರುತ್ತೆ, ಡಿಸ್ಕಿನಲ್ಲಿ ಅದೇ ಒತ್ತಡಕ್ಕೆ ಪ್ಯಾಡ್ ಸದಾ ಉಜ್ಜುತ್ತಾ ಕಾದುಹೋಗುತ್ತೆ.

ಹ್ಯಾಂಡ್‌ಬ್ರೇಕ್ ಬಗ್ಗೆಯೂ ಗೊತ್ತಿರಲಿ. ಈ ಜೀಪುಗಳಲ್ಲಿ ಅದು ಚಕ್ರ ಹಿಡಿಯಲ್ಲ, ಗೇರ್‌ಬಾಕ್ಸಿನ ಹಿಂದೆ, ಚಕ್ರಕ್ಕೆ ಶಕ್ತಿ ಒಯ್ಯೋ ಪ್ರೊಪೆಲ್ಲರ್ ಶಾಫ್ಟ್ ಹಿಡಿಯುತ್ತೆ. ನಿಲ್ಲಿಸಿದ ಗಾಡಿಗೆ ಮಾತ್ರ ಅದು. ಓಡುವಾಗ ಜೋರಾಗಿ ಎಳೆದರೆ ಶಾಫ್ಟಿನ ಕ್ರಾಸ್‌ಗೆ, ಅಂದರೆ ಅದರ ಕೀಲಿಗೆ, ಪೆಟ್ಟು.

ತುಕ್ಕು ಹೇಗೆ ನೋಡೋದು? ಒಂದು ಸ್ಕ್ರೂಡ್ರೈವರ್ ತಗೊಂಡು ಫ್ಲೋರ್ ಮ್ಯಾಟ್ ಎತ್ತಿ, ಪೆಡಲ್ ಕೆಳಗೆ, ಬ್ಯಾಟರಿ ಇಡೋ ಜಾಗದಲ್ಲಿ, ಬಾಗಿಲ ಕೆಳ ಅಂಚಿನಲ್ಲಿ, ಕ್ಯಾಬಿನ್ ಚಾಸಿಗೆ ಕೂರೋ ಬೋಲ್ಟುಗಳ ಸುತ್ತ ಒತ್ತಿ ನೋಡಿ. ಟಣ್ ಅಂದರೆ ಸರಿ. ಬಿಸ್ಕತ್ತಿನ ಹಾಗೆ ಒಳಗೆ ಹೋದರೆ ಅಷ್ಟು ಭಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಆಗಬೇಕು. ಟಿಂಕರಿಂಗ್ ಮಾಡೋರು ಪುಟ್ಟಿ ಮೆತ್ತಿ ಬಣ್ಣ ಹೊಡೆಯೋಕೆ ಮುಂಚೆ ನೀವೇ ಹೋಗಿ ಬರೀ ತಗಡನ್ನು ನೋಡಿ, ಫೋಟೋ ತೆಗೆದಿಟ್ಟುಕೊಳ್ಳಿ. ಎರಡು ಮಳೆಗಾಲ ಕಳೆದ ಮೇಲೆ ಪುಟ್ಟಿ ಹಪ್ಪಳದ ಹಾಗೆ ಎದ್ದು ಬರೋದನ್ನು ಮಲೆನಾಡಿನಲ್ಲಿ ತುಂಬಾ ಕಡೆ ನೋಡಿದ್ದೇನೆ.

ಪವರ್ ಸ್ಟೀರಿಂಗ್ ಬೇಡ. ಕಿಂಗ್ ಪಿನ್ ಬೇರಿಂಗ್, ಟೈ ರಾಡ್ ಎಂಡ್ ಹೊಸದು ಹಾಕಿ, ಸ್ಟೀರಿಂಗ್ ಬಾಕ್ಸಿನ ಪ್ಲೇ ತೆಗೆಸಿದರೆ ಕೈಗೆ ಸಾಕಷ್ಟು ಹಗುರ ಆಗುತ್ತೆ. ಸೀಟ್ ಬೆಲ್ಟ್ ಮಾತ್ರ ಹಾಕಿಸಿ. ಬೋಲ್ಟ್ ಬರೀ ತಗಡಿಗೆ ಬೇಡ, ಕೆಳಗಿಂದ ದಪ್ಪ ಪಟ್ಟಿ ಕೊಟ್ಟು ಬಿಗಿಸಲಿ. ಈ ಗಾಡಿಯಲ್ಲಿ ನಿಮ್ಮ ಕಾಲಿನ ಮುಂದೆ ಇರೋದು ಒಂದು ಪದರ ತಗಡು. ಹೆದ್ದಾರಿಯಲ್ಲಿ ಎಂಬತ್ತು, ತೊಂಬತ್ತು ಓಡಿಸೋಕೆ ಇದು ಹುಟ್ಟಿಲ್ಲ.

ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಪೂರ್ತಿ ದಿನ ಇಟ್ಟುಕೊಳ್ಳಿ. ಹಳೇ ಪಾರ್ಟ್ ಕೈಯಲ್ಲಿ ಹಿಡಿದೇ ಹೋಗಿ. ಎಂಜಿನ್, ಗೇರ್‌ಬಾಕ್ಸಿನ ಎಷ್ಟೋ ಭಾಗ ಹಳೆ ಪೆಟ್ರೋಲ್ ಜೀಪಿನದ್ದೇ ಹೊಂದುತ್ತೆ. ಕ್ಯಾಬಿನ್ನಿನ ಗಾಜು, ಬೀಡಿಂಗು ಸಿಗೋದು ಕಷ್ಟ, ಬಿಚ್ಚುವಾಗ ಒಡೆಯದ ಹಾಗೆ ನೋಡಿಕೊಳ್ಳಿ.

ಪ್ರಶ್ನೆ: ಐವತ್ತು ವರ್ಷ ದಾಟಿದ ಪಿಕಪ್‌ಗೆ ವಿಂಟೇಜ್ ನಂಬರ್ ಮಾಡಿಸಿ, ಅದರಲ್ಲೇ ಕಾಫಿ, ಮೆಣಸು ಸಾಗಿಸಬಹುದಾ? ಆರ್‌ಸಿ ಇನ್ನೂ ತೀರಿಹೋದ ತಂದೆಯ ಹೆಸರಲ್ಲಿದೆ.
(ಸಕಲೇಶಪುರದ ಓದುಗರು)

ಉತ್ತರ: ಆಗಲ್ಲ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ವಿಂಟೇಜ್ ಗಾಡಿಗಳ ಭಾಗ ಸೇರಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಮಟ್ಟಿಗೆ. ಆಮೇಲೆ ಮರುನೋಂದಣಿಗೆ 5,000. ನಂಬರಿನಲ್ಲಿ ರಾಜ್ಯದ ಅಕ್ಷರಗಳ ಪಕ್ಕ 'ವಿಎ' ಬರುತ್ತೆ. ಆದರೆ ಆ ನಂಬರ್ ಹಾಕಿದ ಗಾಡಿ ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸೋದು ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಯಬೇಕು. ದಿನದ ಓಡಾಟಕ್ಕಿಲ್ಲ, ವ್ಯಾಪಾರಕ್ಕಂತೂ ಇಲ್ಲವೇ ಇಲ್ಲ. ತೋಟದ ಕೆಲಸಕ್ಕೆ ಬೇಕಾದರೆ ಮಾಮೂಲಿ ನೋಂದಣಿಯನ್ನೇ ನವೀಕರಿಸಿ, ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಮಾಡಿಸಿ.

ಎರಡರಲ್ಲಿ ಯಾವುದು ಅಂತ ಕೆಲಸ ಶುರು ಮಾಡೋಕೆ ಮುಂಚೆಯೇ ನಿರ್ಧರಿಸಿ. ಡೀಸೆಲ್ ಎಂಜಿನ್ ಕೂರಿಸಿದ ಮೇಲೆ ವಿಂಟೇಜ್ ಬಾಗಿಲು ಮುಚ್ಚಿದ ಹಾಗೇ. ಮಾಮೂಲಿ ನೋಂದಣಿಯಲ್ಲೂ ಎಂಜಿನ್ ಬದಲಿಸೋಕೆ ಆರ್‌ಟಿಒ ಅನುಮತಿ ಮೊದಲೇ ಬೇಕು, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದನ್ನೇ ಹೇಳೋದು. ಆಮೇಲೆ ನೋಡಿಕೊಂಡರಾಯಿತು ಅಂದರೆ ಅಪಘಾತ ಆದ ದಿನ ಇನ್ಶೂರೆನ್ಸ್ ಕೈಕೊಡುತ್ತೆ. ತಂದೆಯ ಹೆಸರಿನಿಂದ ನಿಮ್ಮ ಹೆಸರಿಗೆ ಮಾಡಿಸೋಕೆ ಫಾರಂ 31, ಜೊತೆಗೆ ಮರಣ ಪ್ರಮಾಣಪತ್ರ, ವಾರಸುದಾರರ ದಾಖಲೆ. ಮೊದಲು ಆ ಕೆಲಸ ಮುಗಿಸಿ, ಆಮೇಲೆ ಪಾನಾ ಹಿಡೀರಿ.

ಪ್ರಶ್ನೆ: ಅಮೆರಿಕದಲ್ಲಿದ್ದೇನೆ. ಇಲ್ಲಿ 1951ರ ಶೆವ್ರೊಲೆ 3100 ಪಿಕಪ್ ಕೊಂಡೆ, ಎಂಜಿನ್ ಮೂಲದ 216 (ಘನ ಇಂಚು). ಗಂಟೆಗೆ 50 ಮೈಲಿ ದಾಟಿದರೆ ಎಂಜಿನ್ ಕೂಗಾಡುತ್ತೆ. ಎಲ್ಲರೂ ಹೊಸ ವಿ8 ಹಾಕು ಅಂತಾರೆ.
(ಟೆಕ್ಸಾಸ್‌ನ ಕನ್ನಡಿಗರು)

ಉತ್ತರ: ಆ ಗಾಡಿಯ ಹಿಂದಿನ ಆಕ್ಸಲ್‌ನ ಗೇರ್ ಅನುಪಾತ 4.11, ಭಾರ ಎಳೆಯೋಕೆ ಮಾಡಿದ್ದು, ಹಾಗಾಗಿ ಕೂಗೇ ಕೂಗುತ್ತೆ. 216ರಲ್ಲಿ ಕನೆಕ್ಟಿಂಗ್ ರಾಡ್ ಬೇರಿಂಗಿಗೆ ಆಯಿಲ್ ಪೂರ್ತಿ ಒತ್ತಡದಲ್ಲಿ ಹೋಗಲ್ಲ, ತೊಟ್ಟಿಯಿಂದ ಚಿಮ್ಮಿಸಿಕೊಂಡು ಕುಡಿಯುತ್ತೆ. ಬೇರಿಂಗೂ ಎರಕ ಹೊಯ್ದ ಬ್ಯಾಬಿಟ್ ಅನ್ನೋ ಮೆತ್ತನೆ ಲೋಹದ್ದು. ಗಂಟೆಗಟ್ಟಲೆ ಫ್ರೀವೇಯಲ್ಲಿ ತುಳಿದರೆ ಅದಕ್ಕೆ ಅನ್ಯಾಯ. ನಡುವಿನ ದಾರಿ ಒಂದಿದೆ. ಅದೇ ವಂಶದ 235, 1954ರ ನಂತರದ್ದು, ಪೂರ್ತಿ ಒತ್ತಡದ ಆಯಿಲ್ ಇರೋದು, ಸ್ವಲ್ಪ ಹೊಂದಾಣಿಕೆ ಮಾಡಿದರೆ ಅಲ್ಲೇ ಕೂರುತ್ತೆ. ಬಾನೆಟ್ ಎತ್ತಿದರೆ ಮೊದಲಿನ ಹಾಗೆ ಸಾಲಾಗಿ ಆರು ಸಿಲಿಂಡರಿನ ಎಂಜಿನ್ನೇ ಕಾಣುತ್ತೆ. ಹಿಂದಿನ ಆಕ್ಸಲ್‌ನ ಕ್ರೌನ್-ಪಿನಿಯನ್ ಉದ್ದ ಗೇರಿನದ್ದು ಹಾಕಿಸಿ, ಅದೇ ವೇಗಕ್ಕೆ ಎಂಜಿನ್ ಕಮ್ಮಿ ತಿರುಗುತ್ತೆ. ಐದು ಗೇರಿನ ಬಾಕ್ಸ್ ಬೇಕು ಅಂದರೆ ಮಾತ್ರ ಕೆಲಸ ದೊಡ್ಡದು, ಯಾಕೆಂದರೆ ನಿಮ್ಮದರಲ್ಲಿ ಪ್ರೊಪೆಲ್ಲರ್ ಶಾಫ್ಟ್ ಒಂದು ಕೊಳವೆಯೊಳಗೆ ಮುಚ್ಚಿಕೊಂಡಿದೆ, ಹಿಂದಿನ ಆಕ್ಸಲ್ ಸಮೇತ ಬದಲಿಸಬೇಕು. ವಿ8 ಹಾಕಿದರೆ ಬ್ರೇಕು, ಮುಂದಿನ ಆಕ್ಸಲ್, ಸ್ಟೀರಿಂಗ್ ಎಲ್ಲಾ ಬೇರೆ ಆಗಬೇಕಾಗುತ್ತೆ, ಕೊನೆಗೆ ನಿಮ್ಮ ಹತ್ತಿರ ಉಳಿಯೋದು ಹಳೆ ಗಾಡಿಯ ಚಿಪ್ಪು.

ಪ್ರಶ್ನೆ: ಹಳೆ ಜೀಪ್ ಪಿಕಪ್, ರಾತ್ರಿ ನಿಲ್ಲಿಸಿದಾಗ ಹೆಡ್‌ಲೈಟ್ ಮಂಕಾಗುತ್ತೆ, ಎಕ್ಸಲರೇಟರ್ ಕೊಟ್ಟರೆ ಬೆಳಗುತ್ತೆ. ಎಲ್‌ಇಡಿ ಹಾಕಲಾ?
(ಶಿವಮೊಗ್ಗದ ಓದುಗರು)

ಉತ್ತರ: ದೋಷ ಬಲ್ಬಿನದ್ದಲ್ಲ, ಡೈನಮೋದ್ದು. ಎಂಜಿನ್ ನಿಧಾನ ಇದ್ದಾಗ ಅದು ಚಾರ್ಜ್ ಕೊಡಲ್ಲ. ಒಳಗೇ ರೆಗ್ಯುಲೇಟರ್ ಇರೋ ಆಲ್ಟರ್ನೇಟರ್ ಹಾಕಿಸಿ, ಬ್ಯಾಟರಿ 12 ವೋಲ್ಟಿನದ್ದೇ ಅಂತ ಮೊದಲು ನೋಡಿಕೊಳ್ಳಿ. ಜೊತೆಗೆ ಹೆಡ್‌ಲೈಟಿಗೆ ರಿಲೇ ಕೊಟ್ಟು ದಪ್ಪ ವೈರ್ ಎಳೆಸಿ, ಪ್ರತಿ ಲೈನಿಗೂ ಫ್ಯೂಸ್ ಇರಲಿ. ಆಮೇಲೆ ಮಾಮೂಲಿ 60/55 ವ್ಯಾಟ್ ಹ್ಯಾಲೊಜೆನ್ನೇ ಸಾಕಾಗುತ್ತೆ. ಹಳೆ ರಿಫ್ಲೆಕ್ಟರಿಗೆ ಎಲ್‌ಇಡಿ ಸಿಕ್ಕಿಸಿದರೆ ಬೆಳಕು ಚದುರಿ ಎದುರಿಗೆ ಬರೋರ ಕಣ್ಣಿಗೆ ಹೊಡೆಯುತ್ತೆ.