ವಿಷಾದದಲ್ಲಿ ವಿಷವಿದೆಯೇ?

ಪ್ರಶ್ನೆ: ತಂದೆಯವರ ತಿಥಿಯ ಆಹ್ವಾನಪತ್ರಿಕೆಯಲ್ಲಿ ‘ದೈವಾಧೀನರಾದರೆಂದು ತಿಳಿಸಲು ವಿಷಾದಿಸುತ್ತೇವೆ’ ಎಂದು ಅಚ್ಚು ಹಾಕಿಸಲು ಹೊರಟಿದ್ದೆವು. ಮುದ್ರಣಾಲಯದಲ್ಲಿದ್ದ ಹಿರಿಯರೊಬ್ಬರು, ‘ವಿಷಾದದಲ್ಲಿ ವಿಷ ಇದೆ, ಅಶುಭ. ಸಂತಾಪ ಎಂದು ಹಾಕಿಸಿ’ ಎಂದರು. ಯಾವುದು ಸರಿ?
– ಓದುಗರೊಬ್ಬರು, ಮಂಡ್ಯ

ಉತ್ತರ: ನೀವು ಬರೆದದ್ದೇ ಸರಿ. ಹಿರಿಯರ ಸಂಶಯ ತೀರಾ ಬುಡವಿಲ್ಲದ್ದೇನಲ್ಲ. ವಿಷ, ಅದ ಎರಡೂ ಸೇರಿದರೆ ಸವರ್ಣದೀರ್ಘ ಸಂಧಿಯಾಗಿ ವಿಷಾದ ಎಂದೇ ಆಗುತ್ತದೆ, ವಿಷ ತಿನ್ನುವವನು ಎಂಬ ಅರ್ಥದಲ್ಲಿ. ಆದರೆ ಅದು ಬೇರೆಯ ಪದ. ದುಃಖದ ವಿಷಾದಕ್ಕೆ ಮೂಲ ‘ಸದ್’ ಧಾತು: ಕೂರು, ಕುಸಿ. ಹಿಂದೆ ‘ವಿ’ ಬಂದದ್ದರಿಂದ ಸಕಾರ ಷಕಾರವಾಗಿದೆ, ಅಷ್ಟೆ. ಅದೇ ಧಾತುವಿನಿಂದ ಪ್ರಸಾದವೂ ಹುಟ್ಟಿದೆ, ಪರಿಷತ್ತೂ ಹುಟ್ಟಿದೆ. 2024ರ ಡಿಸೆಂಬರಿನಲ್ಲಿ ನಿಮ್ಮೂರಿನಲ್ಲೇ 87ನೆಯ ಸಮ್ಮೇಳನ ನಡೆಸಿದ ಸಾಹಿತ್ಯ ಪರಿಷತ್ತಿನ ಷಕಾರ ಕಂಡು ಯಾರೂ ಬೆಚ್ಚಲಿಲ್ಲವಲ್ಲ!

ಭಗವದ್ಗೀತೆಯ ಮೊದಲ ಅಧ್ಯಾಯದ ಹೆಸರು ಅರ್ಜುನ ವಿಷಾದ ಯೋಗ. ಅಲ್ಲಿ ಅರ್ಜುನ ‘ಸೀದಂತಿ ಮಮ ಗಾತ್ರಾಣಿ’ ಎನ್ನುತ್ತಾನೆ, ನನ್ನ ಅವಯವಗಳು ಕುಸಿಯುತ್ತಿವೆ ಎಂದು. ಆ ‘ಸೀದಂತಿ’ಯೂ ಇದೇ ಧಾತುವಿನ ರೂಪ. ಅಧ್ಯಾಯ ಮುಗಿಯುವ ಹೊತ್ತಿಗೆ ಬಿಲ್ಲುಬಾಣ ಬಿಟ್ಟು ರಥದಲ್ಲಿ ಕುಳಿತೇ ಬಿಡುತ್ತಾನೆ. ಸಾವಿನ ಸುದ್ದಿ ಕೇಳಿದವರು ‘ಕುಸಿದು ಕುಳಿತರು’ ಎನ್ನುತ್ತೇವೆ. ವಿಷಾದಕ್ಕೆ ಇದಕ್ಕಿಂತ ಹತ್ತಿರದ ಕನ್ನಡ ನನಗಂತೂ ತೋಚದು.

ಸಂತಾಪದ ಧಾತು ‘ತಪ್’, ಅಂದರೆ ಸುಡು. ತಾಪಮಾನ, ತಪಸ್ಸು ಅದರ ಒಡಹುಟ್ಟುಗಳು. ಹೊಟ್ಟೆ ಉರಿದು ಅಳುವ ಮನೆಯವರಿಗೇ ಸಲ್ಲಬೇಕಾದ ಪದ. ಆದರೆ ಪತ್ರಿಕೆಗಳ ಬಳಕೆಯಲ್ಲಿ ಅದು ಹೊರಗಿನವರ ಪಾಲಾಗಿದೆ: ಮುಖ್ಯಮಂತ್ರಿಗಳು ಸಂತಾಪ ಸೂಚಿಸುತ್ತಾರೆ, ಸಂಘದವರು ಸಂತಾಪ ಸಭೆ ನಡೆಸುತ್ತಾರೆ. ಮಕ್ಕಳೇ ತಂದೆಗೆ ಸಂತಾಪ ಸೂಚಿಸಿದರೆ ಪತ್ರಿಕೆಯನ್ನು ಯಾರೋ ಪರರು ಬರೆದುಕೊಟ್ಟಂತೆ ಕಾಣುತ್ತದೆ.

ವಿಷಾದಕ್ಕೆ ಆಗಿರುವ ನಿಜವಾದ ಕೇಡು ಕಚೇರಿಗಳಿಂದ. ರಸ್ತೆ ಅಗೆದ ಕಡೆ ‘ಅಡಚಣೆಗೆ ವಿಷಾದಿಸುತ್ತೇವೆ’ ಎಂಬ ಫಲಕ ನಿಲ್ಲಿಸುತ್ತಾರೆ. ಕ್ಷಮೆ ಕೇಳಲು ಬಾಯಿ ಬಾರದವರು ‘ವಿಷಾದ ವ್ಯಕ್ತಪಡಿಸಿ’ ಜಾರಿಕೊಳ್ಳುತ್ತಾರೆ. ಹೀಗೆ ಸವೆದ ಮಾತು ನಿಮಗೆ ತಣ್ಣಗೆ ಕೇಳಿಸಿದರೆ ‘ದುಃಖದಿಂದ ತಿಳಿಸುತ್ತೇವೆ’ ಎಂದು ಬರೆಸಿ. ನನ್ನ ಒಲವೂ ಅದಕ್ಕೇ.

ವಿಷಾದವನ್ನೇ ಉಳಿಸಿಕೊಳ್ಳುವುದಾದರೆ ಕರಡಚ್ಚನ್ನು ಒಮ್ಮೆ ನೋಡಿ. ‘ವಿಶಾದ’, ‘ವಿಷಾಧ’ ಎಂದು ಅಚ್ಚಾಗುವುದು ಹೊಸತಲ್ಲ. ‘ವಿಶದ’ವಾದರಂತೂ ಸ್ಪಷ್ಟ ಎಂಬ ಬೇರೆಯೇ ಅರ್ಥ ಬರುತ್ತದೆ.