ಕ್ಲಿಪ್ ಸುತ್ತ ಬಿಳಿ ಗೆರೆ: ಫ್ಲೋರೈಡ್ ಪೇಸ್ಟ್ ಬಿಡಬೇಕೆ?

ಪ್ರಶ್ನೆ: ಮಗಳಿಗೆ 13 ವರ್ಷ. ಆರು ತಿಂಗಳ ಹಿಂದೆ ಹಲ್ಲಿಗೆ ಕ್ಲಿಪ್ ಹಾಕಿಸಿದೆವು. ದಿನಕ್ಕೆರಡು ಸಲ ಬ್ರಷ್ ಮಾಡುತ್ತಾಳೆ. ಆದರೂ ಮೇಲಿನ ಸಾಲಿನ ಮುಂದಿನ ಹಲ್ಲುಗಳಲ್ಲಿ, ಕ್ಲಿಪ್ಪಿಗೂ ವಸಡಿಗೂ ನಡುವೆ ಸುಣ್ಣದಂಥ ಬಿಳಿ ಗೆರೆ ಮೂಡಿದೆ. ನಾವು ಕೋಲಾರದ ಕಡೆಯವರು. ಬೋರ್‌ವೆಲ್ ನೀರಿನ ಫ್ಲೋರೈಡಿನಿಂದಲೇ ಹೀಗಾಗಿದೆ, ಫ್ಲೋರೈಡ್ ಪೇಸ್ಟ್ ಬಿಡಿಸಿ ಎನ್ನುತ್ತಾರೆ ನೆಂಟರು. ಬಿಡಿಸಲೇ?
– ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ದಯವಿಟ್ಟು ಬಿಡಿಸಬೇಡಿ. ನೀರಿನ ಫ್ಲೋರೈಡಿನಿಂದ ಬರುವ ಕಲೆ ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ ಆಗುವಂಥದ್ದು. ಮುಂದಿನ ಹಲ್ಲುಗಳಿಗೆ 13ನೇ ವಯಸ್ಸಿನಲ್ಲಿ ಹೊಸದಾಗಿ ಬರುವುದಿಲ್ಲ. ಅದು ಎಡ-ಬಲದ ಜೋಡಿ ಹಲ್ಲುಗಳಲ್ಲಿ ಹೆಚ್ಚುಕಡಿಮೆ ಒಂದೇ ತರ ಇರುತ್ತದೆ. ಕ್ಲಿಪ್ ಹಾಕಿದ ಮೇಲೆ, ಕ್ಲಿಪ್ಪಿನ ಅಂಚನ್ನೇ ಹಿಡಿದು ಮೂಡಿದ ಗೆರೆ ಹುಳುಕಿನ ಮೊದಲ ಹಂತ. ಗುಳಿ ಬೀಳುವ ಮೊದಲೇ ನಿಮ್ಮ ಕಣ್ಣಿಗೆ ಬಿದ್ದಿದೆ. ಇದನ್ನು ಇಲ್ಲಿಗೇ ನಿಲ್ಲಿಸಬಹುದು.

ಹಲ್ಲಿನ ಮೇಲೆ ಕಟ್ಟುವ ಪಾಚಿಯಲ್ಲಿನ ಬ್ಯಾಕ್ಟೀರಿಯಾ ಸಕ್ಕರೆಯಿಂದ ಆಮ್ಲ ಮಾಡುತ್ತವೆ. ಪಿಎಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಪದರವಾದ ಎನಾಮಲ್ಲಿನಿಂದ ಕ್ಯಾಲ್ಸಿಯಂ, ಫಾಸ್ಫೇಟ್ ಕರಗಿ ಹೋಗುತ್ತವೆ. ಮೇಲಿನ ಮುಂದಿನ ಹಲ್ಲುಗಳಿಗೆ ಜೊಲ್ಲು ಅಷ್ಟಾಗಿ ತಲುಪದು. ನೇರವಾಗಿ ಉಜ್ಜುವ ಬ್ರಷ್ ಕ್ಲಿಪ್ಪಿನ ಮೇಲೇ ಹಾದುಹೋಗಿ ವಸಡಿನ ಕಡೆಯ ಸಂದು ಹಾಗೇ ಉಳಿಯುತ್ತದೆ. ಅಲ್ಲಿ ಪಾಚಿ ನಿಂತರೆ ತಿಂಗಳೊಳಗೇ ಬಿಳಿ ಗೆರೆ ಕಾಣಬಹುದು. ಹಾಗಾಗಿ ಎಷ್ಟು ಸಲ ಉಜ್ಜಿದಳು ಎನ್ನುವುದಕ್ಕಿಂತ ಎಲ್ಲಿ ಉಜ್ಜಿದಳು ಎಂದು ನೋಡಿ.

ರಾತ್ರಿಯ ಬ್ರಷ್ ಅತಿ ಮುಖ್ಯ, ನಿದ್ದೆಯಲ್ಲಿ ಜೊಲ್ಲು ಕಡಿಮೆ. ಮೊದಲು ನೀರು ಮುಕ್ಕಳಿಸಿ ಸಿಕ್ಕಿದ ಅಗುಳು ತೆಗೆಯಲಿ. ಬ್ರಷ್ಷನ್ನು 45 ಡಿಗ್ರಿ ಓರೆ ಹಿಡಿದು ವಸಡು ಮತ್ತು ಕ್ಲಿಪ್ಪಿನ ನಡುವೆ ಸಣ್ಣದಾಗಿ ಆಡಿಸಲಿ, ಆಮೇಲೆ ಕಚ್ಚುವ ಅಂಚಿನ ಕಡೆಯಿಂದ ಅದೇ ರೀತಿ. ಬಳಿಕ ಹಲ್ಲುಸಂದಿಯ ಪುಟ್ಟ ಬ್ರಷ್ಷನ್ನು ತಂತಿಯ ಕೆಳಗೆ ತೂರಿಸಿ ಪ್ರತಿ ಕ್ಲಿಪ್ಪಿನ ಎರಡೂ ಪಕ್ಕ ಉಜ್ಜಬೇಕು. ಇಷ್ಟಕ್ಕೂ ನಾಲ್ಕೈದು ನಿಮಿಷ ಬೇಕೇ ಬೇಕು. ತಂತಿಗೆ ತಾಗಿ ಎಳೆಗಳು ಬೇಗ ಕೆದರುತ್ತವೆ. ಕೆದರಿದ ಬ್ರಷ್ ಬದಲಿಸಿ.

ಪೇಸ್ಟಿನ ಡಬ್ಬಿಯ ಮೇಲೆ ಫ್ಲೋರೈಡ್ 1000 ಪಿಪಿಎಂ ಆಸುಪಾಸು ಇದೆಯೇ ಎಂದು ಓದಿ. ಚಿಕ್ಕ ಮಕ್ಕಳ ಪೇಸ್ಟಿನಲ್ಲಿ ಕಡಿಮೆ ಇರಬಹುದು, ಹಲವು ಗಿಡಮೂಲಿಕೆ ಪೇಸ್ಟುಗಳಲ್ಲಿ ಇರುವುದೇ ಇಲ್ಲ. ಉಜ್ಜಿ ಉಗಿದ ಮೇಲೆ ಬಾಯಿತುಂಬ ನೀರು ಹಾಕಿ ಮುಕ್ಕಳಿಸಿದರೆ ಫ್ಲೋರೈಡೂ ಹೋಗುತ್ತದೆ, ಉಗಿದರೆ ಸಾಕು. ಶಾಲೆಯಿಂದ ಬಂದ ಮೇಲೆ 0.05% ಸೋಡಿಯಂ ಫ್ಲೋರೈಡ್ ಮೌತ್‌ವಾಶ್ 10 ಮಿ.ಲೀ. ಒಂದು ನಿಮಿಷ ಮುಕ್ಕಳಿಸಿ ಉಗಿಯಲಿ, ಅರ್ಧ ಗಂಟೆ ಏನೂ ತಿನ್ನದಿರಲಿ. ಅಂಗಡಿಯಲ್ಲಿ ಬರೀ ಮೌತ್‌ವಾಶ್ ಎಂದು ಕೇಳಬೇಡಿ, ಕ್ಲೋರ್‌ಹೆಕ್ಸಿಡಿನ್ ಕೊಟ್ಟಾರು. ಅದು ವಸಡಿನ ತೊಂದರೆಗೆ, ಹೆಚ್ಚು ದಿನ ಬಳಸಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ. ಮೂರು ತಿಂಗಳಿಗೊಮ್ಮೆ ಫ್ಲೋರೈಡ್ ವಾರ್ನಿಶ್ ಹಚ್ಚಲು ವೈದ್ಯರನ್ನು ಕೇಳಿ.

ಸಿಹಿಯನ್ನು ಊಟದ ಜೊತೆಗೇ ಮುಗಿಸಿ. ಗಂಟೆಗೊಂದು ಬಿಸ್ಕತ್ತು, ಗುಟುಕು ಗುಟುಕಾಗಿ ಜ್ಯೂಸು ಎಂದರೆ ಹಲ್ಲು ದಿನವಿಡೀ ಆಮ್ಲದಲ್ಲೇ ಇರುತ್ತದೆ. ನಿಪ್ಪಟ್ಟು, ಕಡಲೆ ಮಿಠಾಯಿ, ಕಬ್ಬು ಕ್ಲಿಪ್ಪನ್ನೇ ಕೀಳಬಹುದು. ತಂತಿ ಹಿಡಿದಿಡಲು ದವಡೆ ಹಲ್ಲಿಗೆ ತೊಡಿಸಿದ ಲೋಹದ ಉಂಗುರ ನಾಲಿಗೆಗೆ ಅಲುಗಾಡುವಂತೆ ತೋರಿದರೆ ಮುಂದಿನ ಭೇಟಿವರೆಗೆ ಕಾಯಬೇಡಿ: ಒಳಗಿನ ಸಿಮೆಂಟ್ ಕರಗಿದ ಜಾಗದಲ್ಲಿ ಹುಳುಕು ಯಾರಿಗೂ ಕಾಣದಂತೆ ಬೆಳೆಯುತ್ತದೆ.

ಪ್ರಶ್ನೆ: ಕ್ಲಿಪ್ ತೆಗೆದ ವಾರವೇ ಬಿಳಿ ಕಲೆಗೆ ಬ್ಲೀಚಿಂಗ್ ಮಾಡಿಸಬಹುದೇ?
– ವಿದ್ಯಾರ್ಥಿ, ಜಯನಗರ

ಉತ್ತರ: ಅವಸರ ಬೇಡ. ಪಾಚಿ ನಿಲ್ಲದಂತೆ ನೋಡಿಕೊಂಡರೆ ಜೊಲ್ಲಿನ ಖನಿಜಗಳಿಂದಲೇ ಕೆಲವು ತಿಂಗಳಲ್ಲಿ ಕಲೆ ಸ್ವಲ್ಪ ಮಟ್ಟಿಗೆ ಮಾಸುತ್ತದೆ. ಆರು ತಿಂಗಳಾದರೂ ಎದ್ದು ಕಂಡರೆ, ಹಲ್ಲು ಕೊರೆಯದೆ ಕಲೆಯೊಳಗೆ ರಾಳ ಇಳಿಸುವ ಚಿಕಿತ್ಸೆಯ ಬಗ್ಗೆ ನಿಮ್ಮ ದಂತವೈದ್ಯರನ್ನು ಕೇಳಿ.